ತುಟಿ ಜೋಮು ಹಿಡಿಯುವಷ್ಟರಲ್ಲಿ ಒಂದು ನಟ್ಟು

ಅವರು ತೀರಿಕೊಂಡ ಸುದ್ದಿ ಬಂದ ದಿನ ನನ್ನ ಬಲಗಡೆಯ ದವಡೆ ನೋಯುತ್ತಿತ್ತು. ಹಲ್ಲಿನ ಡಾಕ್ಟರು ಹೋದರು ಎಂದು ಕೇಳಿದ ಕೂಡಲೇ ನನಗೆ ಬಂದ ಮೊದಲ ಯೋಚನೆ, ‘ಇನ್ನು ಈ ಹಲ್ಲನ್ನು ಯಾರಿಗೆ ತೋರಿಸುವುದು?’ ಎರಡನೆಯ ಯೋಚನೆ, ಇಂಥ ಹೊತ್ತಿನಲ್ಲಿ ಇಂಥ ಯೋಚನೆ ಬರುವುದು ಯಾವುದಾದರೂ ಕಾಯಿಲೆಯ ಲಕ್ಷಣವಿರಬಹುದೇ ಎಂಬುದು. ಅಳು ಬಂದದ್ದು ಆಮೇಲೆ. ಅಂಗಡಿಯ ಷಟರ್ ಎಳೆದು ಅವರ ಅಂಗಳಕ್ಕೆ ಕಾಲಿಟ್ಟು, ಪೋರ್ಚಿನಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ಆ ಗಿಡ್ಡ ಕಾರನ್ನು ಕಂಡಾಗ.

ಬಾಗಲಕೋಟೆಯ ನವನಗರದಲ್ಲಿ ಮನೆಗೆ ಹೊಂದಿಕೊಂಡಿದ್ದ ಅವರ ದವಾಖಾನೆಗೂ ನನ್ನ ಔಷಧ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಮೊದಲಿನಿಂದಲೂ ಪುಕ್ಕಲ. ಅಂಗಡಿ ಹಾಕಿದ ಮೇಲೆ ಓದಿಕೊಂಡ ಪುಕ್ಕಲನಾದೆ. ಮಾತ್ರೆಯ ಡಬ್ಬಿಯೊಳಗೆ ಮಡಚಿ ಇಟ್ಟಿರುವ ಕಾಗದವನ್ನು ಯಾರೂ ಓದುವುದಿಲ್ಲ, ನಾನು ಓದುತ್ತೇನೆ. ಕೆಲವರಲ್ಲಿ ವಾಂತಿ, ಕೆಲವರಲ್ಲಿ ತಲೆಸುತ್ತು, ಅತಿ ವಿರಳವಾಗಿ ಸಾವು. ಆ ‘ಅತಿ ವಿರಳ’ದ ಪೈಕಿ ನಾನೊಬ್ಬ ಎಂಬುದರಲ್ಲಿ ನನಗೆಂದೂ ಅನುಮಾನವಿರಲಿಲ್ಲ. ಡಾಕ್ಟರು ನನ್ನನ್ನು ಕರೆಯುತ್ತಿದ್ದದ್ದು ‘ಗುಳಿಗಿ’ ಎಂದು. ನನಗಿಂತ ಹದಿನೈದು ವರ್ಷವಾದರೂ ಹಿರಿಯರು, ಕರೆಯಲಿ ಎಂದು ಸುಮ್ಮನಿದ್ದೆ. ಆದರೆ ಗಿರಾಕಿಗಳೂ ಹಾಗೇ ಕರೆಯತೊಡಗಿದರು.

ಆಳು ಎತ್ತರ, ಕೈಬೆರಳು ಇನ್ನೂ ಉದ್ದ. ಬಾಯಿಯ ಕೊನೆಯ ಮೂಲೆಗೆ ಹೋಗಿ ಬರಲಿಕ್ಕೆಂದೇ ದೇವರು ಕೊಟ್ಟ ಬೆರಳುಗಳು. ಆ ಬೆರಳುಗಳನ್ನು ನಮ್ಮ ಬಾಯಲ್ಲಿ ಇಟ್ಟುಕೊಂಡೇ ಪ್ರಶ್ನೆ ಕೇಳುತ್ತಿದ್ದರು. “ಮಳಿ ಹ್ಯಾಂಗ ಈ ವರ್ಷ?” ನಾವು ‘ಆಂ ಆಂ’ ಅಂದರೆ, “ಹೌದ್ ಹೌದು, ಕಡಿಮಿನ” ಎಂದು ತಾವೇ ಉತ್ತರ ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಕ್ವಾರಿ ಮಾಲೀಕ ಬರಲಿ, ಕುರಿ ಕಾಯುವ ಅಜ್ಜ ಬರಲಿ, “ಬಾಯಿ ತಗದ ಮ್ಯಾಲ ಎಲ್ಲಾರೂ ಒಂದ ನಮೂನಿ ಕಾಣ್ತಾರ” ಎನ್ನುತ್ತಿದ್ದರು. ಮೇಜಿನ ಖಾನೆಯಲ್ಲಿ ಸದಾ ಅಮೀನಗಡದ ಕರದಂಟು. ಹಲ್ಲಿಗೆ ಅಂಟುವ ಆ ಬೆಲ್ಲದ ಸಿಹಿಯನ್ನು ಹಲ್ಲಿನ ಡಾಕ್ಟರೇ ತಿನ್ನುವುದೇ ಎಂದು ಒಮ್ಮೆ ಕೇಳಿದ್ದಕ್ಕೆ, “ಉಪಕಾರ ಸ್ಮರಣಿ ಇರಬೇಕಲೇ ಗುಳಿಗಿ, ಇದರಿಂದನ ನನ್ನ ಮನಿ ನಡದೈತಿ” ಎಂದು ನನಗೂ ಒಂದು ತುಂಡು ಕೊಟ್ಟರು. ನನ್ನ ಬಲದವಡೆಯ ಕಥೆ ಶುರುವಾದದ್ದು ಅಲ್ಲಿಂದ.

ಇನ್ನು ಕಾರು. ಎರಡೇ ಸೀಟು, ತಲೆಯ ಮೇಲೆ ಛಾವಣಿಯಿಲ್ಲ, ಮೂತಿ ಉದ್ದ. ಕುಳಿತರೆ ರಸ್ತೆಯ ಮೇಲೆ ಚಾಪೆ ಹಾಸಿ ಕುಳಿತಂತೆ. ಇಂಗ್ಲೆಂಡಿನಲ್ಲಿ ಪಂದ್ಯಕ್ಕೆಂದು ಮಾಡಿದ ಗಾಡಿ, ಯಾರೋ ಅರಳೆ ಸಾಹುಕಾರರ ಕೈಗೆ ಬಂದು ಹಳೇ ಬಾಗಲಕೋಟೆಯ ಗೋದಾಮಿನಲ್ಲಿ ಬಿದ್ದಿತ್ತು. ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯಲ್ಲಿ ಊರು ಖಾಲಿಯಾಗುವಾಗ ಜನ ಬಾಗಿಲು, ಚೌಕಟ್ಟು, ತೊಲೆ ಕಿತ್ತು ಹೇರಿಕೊಂಡು ನವನಗರಕ್ಕೆ ಬಂದರು. ಡಾಕ್ಟರು ಮನೆಯ ಬಾಗಿಲನ್ನು ಅಲ್ಲೇ ಬಿಟ್ಟು, ಸಾಹುಕಾರರನ್ನು ಕೇಳಿಕೊಂಡು ಈ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಅವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. “ಆ ಬಾಗಲಾ ಸಾಗವಾನಿದು ತಮ್ಮಾ” ಎಂದು ವೈನಿ ಈಗಲೂ ಹೇಳುತ್ತಾರೆ.

ಅದು ಓಡುತ್ತಿತ್ತೇ ಎಂದು ಕೇಳಿದರೆ, ಓಡುತ್ತಿತ್ತು, ಅದಕ್ಕೆ ಮನಸ್ಸು ಬಂದಾಗ. ನಿಂತಾಗ ತಪ್ಪು ಮಾತ್ರ ಡಾಕ್ಟರದಲ್ಲ. ಪೆಟ್ರೋಲಿನದು, ಹವೆಯದು, ಎಲ್ಲಕ್ಕಿಂತ ಹೆಚ್ಚಾಗಿ ಇಂಗ್ಲಿಷರದು. “ಬ್ರಿಟಿಷರಿಗೆ ಬುದ್ಧಿ ಇದ್ದಿದ್ರ ಈ ವಾಯರ್ ಇಲ್ಲಿ ಹಾಯಸ್ತಿದ್ರೇನು?” ಎನ್ನುವರು. ನನಗೆ ತಿಳಿದಂತೆ ಅವರು ತಮ್ಮ ತಪ್ಪು ಎಂದು ಯಾವುದನ್ನೂ ಒಪ್ಪಿಕೊಂಡದ್ದಿಲ್ಲ. ಒಮ್ಮೆ ನನ್ನ ಚಲೋ ಹಲ್ಲನ್ನು ಬಡಿದು ನೋಡಿ ‘ನೋವೈತೇನು’ ಎಂದು ಕೇಳಿ, ನಾನು ಇಲ್ಲವೆಂದಾಗ, ಹುಳುಕು ಹಲ್ಲು ಜಾಗ ಬದಲಿಸಿದೆ ಎಂಬಂತೆ ನನ್ನನ್ನೇ ದುರುಗುಟ್ಟಿ ನೋಡಿದ್ದರು.

ವೈನಿ ಆ ಕಾರನ್ನು ಮುಟ್ಟುತ್ತಿರಲಿಲ್ಲ. ಅದಕ್ಕೆ ಕಾರಣ ಕುಳಗೇರಿ ಕ್ರಾಸ್. ಹುಬ್ಬಳ್ಳಿಯ ಮದುವೆಯೊಂದರಿಂದ ಇಬ್ಬರೂ ಮರಳುವಾಗ ಕಾರು ಅಲ್ಲಿ ನಿಂತಿತು. ಡಾಕ್ಟರು ಸ್ಟೇರಿಂಗ್ ಹಿಡಿದು ಕುಳಿತರು, ವೈನಿ ಇಳಿದು ತಳ್ಳಿದರು. ಭಜಿ ತಿನ್ನುತ್ತಿದ್ದವರು ಪ್ಲೇಟು ಇಟ್ಟು ಬಂದು ಕೈ ಹಚ್ಚಿದರು. ಕಾರು ಚಾಲೂ ಆಯಿತು. ನಿಲ್ಲಿಸಿದರೆ ಮತ್ತೆ ಬಂದ್ ಆದೀತೆಂದು ಡಾಕ್ಟರು ನಿಲ್ಲಿಸಲೇ ಇಲ್ಲ. ಹಿಂದೆ ನೋಡದೆ ಸೀದಾ ನವನಗರಕ್ಕೆ ಬಂದರು. ವೈನಿ ಬಂದದ್ದು ಟಂಟಂ ರಿಕ್ಷಾದಲ್ಲಿ, ಈರುಳ್ಳಿ ಚೀಲದ ಮೇಲೆ ಕುಳಿತು. ಆಮೇಲೆ ಆ ಮನೆಯಲ್ಲಿ ಎಷ್ಟು ದಿನ ಮಾತಿರಲಿಲ್ಲವೆಂದರೆ, ನಮ್ಮ ನಡುವಿನ ಗೋಡೆ ಇಷ್ಟು ತೆಳುವಾಗಿದ್ದೂ ನನಗೇನೂ ಕೇಳಿಸಲಿಲ್ಲ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಕಾರಿನ ಮ್ಯಾನಿಫೋಲ್ಡ್ ಸೀಳಿತು. ನನಗೆ ಅದೇನೆಂದು ಗೊತ್ತಿರಲಿಲ್ಲ. ನನ್ನ ಹಲ್ಲಿಗೆ ಇಂಜೆಕ್ಷನ್ ಕೊಡುತ್ತಲೇ ವಿವರಿಸಿದರು. ಎಂಜಿನ್ನಿಗೆ ನಾಲ್ಕು ಬಾಯಿ. ಉರಿದ ಹೊಗೆ ನಾಲ್ಕರಿಂದಲೂ ಹೊರಬೀಳುತ್ತದೆ. ಆ ನಾಲ್ಕನ್ನೂ ಒಂದು ಮಾಡಿ ಹಿಂದಿನ ಸೈಲೆನ್ಸರಿಗೆ ಕಳಿಸುವ ಬೀಡು ಕಬ್ಬಿಣದ ಕೊಳವೆಯೇ ಅದು. “ನಾಕು ಬೇರಿನ ದವಡಿ ಹಲ್ಲ ಅಂತ ತಿಳಕೋ. ಸೀಳೇತಿ. ಅದಕ್ಕ ಅಷ್ಟು ಸಪ್ಪಳ.”

ಸಪ್ಪಳವೆಂದರೆ, ಅವರು ಸ್ಟೇಷನ್ ಕಡೆಯಿಂದ ಹೊರಟರೆ ಇತ್ತ ವೈನಿ ಚಹಾಕ್ಕೆ ಇಡುತ್ತಿದ್ದರು. ನನಗೆ ಬೇರೆ ಚಿಂತೆ. ಸೀಳಿದ ಕಡೆಯಿಂದ ವಿಷದ ಹೊಗೆ ಒಳಗೆ ಬಂದು ಕುಳಿತವರು ಕುಳಿತಲ್ಲೇ ಹೋಗಿಬಿಡಬಹುದು ಎಂದು ಎಲ್ಲೋ ಓದಿದ್ದೆ. ಹೇಳಿದೆ.

“ಛತ್ತ ಇಲ್ಲದ ಗಾಡಿಯೊಳಗ ಉಸಿರುಗಟ್ಟಿ ಸತ್ತಾವ ನೀನ ಮೊದಲನ್ಯಾವ ಆಗ್ತಿ ನೋಡಲೇ” ಎಂದರು.

ಅದೇ ಹೊತ್ತಿಗೆ ಬೆಳಗಾವಿಯ ಹವ್ಯಾಸಿಯೊಬ್ಬರು ಹಳೇ ಕಾರು ಕೂಡಿಸುತ್ತ ಈ ಕಾರಿನ ಸುಳಿವು ಹಿಡಿದು ಫೋನ್ ಮಾಡಿದರು. ಫೋನ್ ಎತ್ತಿದ್ದು ವೈನಿ. ಸೋಮವಾರ ಬರ್ರಿ, ಒಯ್ಯಿರಿ ಎಂದುಬಿಟ್ಟರು. ಡಾಕ್ಟರ ಮುಖ, ಮರಗಟ್ಟದ ಹಲ್ಲನ್ನು ಕಿತ್ತರೆ ಆಗುತ್ತದಲ್ಲ, ಹಾಗಾಯಿತು. ಊಟ ಬಿಟ್ಟರು. ಕರದಂಟನ್ನೂ ಬಿಟ್ಟರು. ಕೊನೆಗೆ ವೈನಿಯೇ ಒಂದು ಷರತ್ತು ಹಾಕಿದರು. ನಾನೂ ಅಲ್ಲಿದ್ದೆ, ಸಾಕ್ಷಿಗೆಂದು ಕರೆಸಿದ್ದರು.

“ಆಯಿತವಾರ ನನ್ನ ಬನಶಂಕರಿಗೆ ಕರಕೊಂಡು ಹೋಗಿ ಬರ್ರಿ. ನಾ ಇಳದು ತಳ್ಳಬಾರ್ದು. ಹೋಗೂ ಮುಂದ, ಬರೂ ಮುಂದ, ಮಂದಿ ಹೊಳ್ಳಿ ನೋಡೂಹಂಗ ಸಪ್ಪಳ ಆಗಬಾರ್ದು. ಆತಂದ್ರ ಗಾಡಿ ನಿಮ್ದು. ಇಲ್ಲಂದ್ರ ಸೋಮವಾರ ಕೀಲಿ ಅವರ ಕೈಯಾಗ.”

“ಖರೇನ?”

“ತಮ್ಮಾ ಕೇಳ್ಯಾನಲ್ಲ.”

ನಾನು ತಲೆಯಾಡಿಸಿದೆ. ಮುಂದಿನ ಎಲ್ಲ ಅನಾಹುತಕ್ಕೂ ನಾನೇ ಸಾಕ್ಷಿ ಎಂಬ ಚಿಂತೆ ಆಗಲೇ ಶುರುವಾಯಿತು.

ಮ್ಯಾನಿಫೋಲ್ಡ್ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ನಾವಿಬ್ಬರೂ ಬಸ್ಸಿನಲ್ಲಿ ಇಳಕಲ್ಲಿಗೆ ಹೋದೆವು. ಅಲ್ಲಿ ಗ್ರಾನೈಟ್ ಕ್ವಾರಿಗಳ ಕ್ರೇನು, ಕಂಪ್ರೆಸರ್ ಬೆಸೆಯುವ ಒಬ್ಬ ಉಸ್ತಾದ ಇದ್ದ, ಡಾಕ್ಟರ ಹಳೆಯ ಪೇಶಂಟು. ಮಾತು ಬಹಳ, ಹಲ್ಲು ಕಡಿಮೆ. “ಇಂಥಾದ್ದು ಬೆಸ್ಯಾಂವ ಈ ಜಿಲ್ಲಾದಾಗ ನಾ ಒಬ್ಬನ ರಿ” ಎಂದು ಮೊದಲೇ ಹೇಳಿಕೊಂಡ. “ಬಾಯಿ ತಗಿ” ಎಂದರು ಡಾಕ್ಟರು. ಅಭ್ಯಾಸ. ಅವನೂ ತೆಗೆದ. ಬೀಡನ್ನು ಇದ್ದಿಲಲ್ಲಿ ಕೆಂಪಗೆ ಕಾಯಿಸಿ, ಬೆಸೆದು, ಬಿಸಿ ಬೂದಿಯಲ್ಲಿ ಹೂತಿಟ್ಟ. ಅದು ಆರುವತನಕ ಅವನ ಹೊಗಳಿಕೆ ಅವನೇ ಹಾಡಿಕೊಂಡ. ಕೊಡುವಾಗ ಮಾತ್ರ ಬೆರಳೆತ್ತಿ ಹೇಳಿದ:

“ಸಾಹೇಬ್ರ, ಬೀಡು ಐತಿ ಇದು. ಬಿಸಿ ಇದ್ದಾಗ ಒಂದು ಹನಿ ನೀರು ತಾಗಸಬ್ಯಾಡ್ರಿ. ಮತ್ತ ಸೀಳತೈತಿ.”

ನಾನು ಅದನ್ನು ಮನಸ್ಸಿನಲ್ಲಿ ಬರೆದುಕೊಂಡೆ. ನೀರು ಎಲ್ಲೆಲ್ಲಿಂದ ಬರಬಹುದು ಎಂದು ಮರಳುವ ಬಸ್ಸು ಹುನಗುಂದ ಮುಟ್ಟುವಷ್ಟರಲ್ಲಿ ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ. ಮಳೆ, ರಸ್ತೆಯ ಗುಂಡಿ, ಟ್ಯಾಂಕರು, ಸೋರುವ ರೇಡಿಯೇಟರು, ಎಮ್ಮೆ.

ಇನ್ನು ಅದನ್ನು ಎಂಜಿನ್ನಿಗೆ ಕೂರಿಸುವುದು. ದವಾಖಾನೆ ಮುಚ್ಚುವಂತಿರಲಿಲ್ಲ, ಪೇಶಂಟುಗಳು ಬಂದಿದ್ದರು. ಇಲ್ಲಿಯೇ ನಮ್ಮ ಡಾಕ್ಟರ ಬುದ್ಧಿ ನೋಡಬೇಕು. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟರೆ ತುಟಿ ಜೋಮು ಹಿಡಿಯಲು ಸ್ವಲ್ಪ ಹೊತ್ತು ಬೇಕು. ಮ್ಯಾನಿಫೋಲ್ಡಿನ ನಟ್ಟುಗಳನ್ನೋ ಒಮ್ಮೆಗೇ ಬಿಗಿಯುವಂತಿಲ್ಲ. ನಡುವಿನಿಂದ ಶುರುಮಾಡಿ ಆಚೆ ಈಚೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಇಲ್ಲದಿದ್ದರೆ ಬೀಡು ಹಟ ಹಿಡಿದು ಸೀಳುತ್ತದೆ. ಎರಡೂ ಸಾವಕಾಶದ ಕೆಲಸ. ಹಾಗಾಗಿ ಒಬ್ಬರಿಗೆ ಇಂಜೆಕ್ಷನ್ ಚುಚ್ಚಿ, “ತುಟಿ ಜೋಮು ಹಿಡೀಲಿ, ಬಂದೆ” ಎಂದು ಪೋರ್ಚಿಗೆ ಓಡಿ ಒಂದು ನಟ್ಟು ಬಿಗಿಯುವರು. ಮರಳಿ ಬಂದು, ಕೈ ತೊಳೆದು, ಹೊಸ ಗ್ಲೌಸು ತೊಟ್ಟು ಹಲ್ಲು ಕೀಳುವರು. ಗ್ಲೌಸು ಹೊಸದೇ ಎಂದು ನಾನು ಬಾಗಿಲಲ್ಲಿ ನಿಂತು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ನಡುವೆ ಒಬ್ಬ ಮುದುಕಿ ಸೊಟ್ಟ ತುಟಿಯಲ್ಲೇ ಹೊರಗೆ ಬಂದು, “ನಂದು ಮರಗಟ್ಟೇತೋ ಯಪ್ಪಾ, ನಿಂದು ಮುಗೀತೇನು?” ಎಂದು ಕೇಳಿದಳು.

ಹಿಂಬದಿಯ ಒಂದು ನಟ್ಟು ಕಣ್ಣಿಗೆ ಕಾಣುವಂತಿರಲಿಲ್ಲ. ಅದಕ್ಕೆ ಹಲ್ಲು ನೋಡುವ ಪುಟ್ಟ ಕನ್ನಡಿ ಬಂತು. ಹಣೆಯ ಮೇಲೆ ದೀಪ, ಮೂಗಿಗೆ ಮಾಸ್ಕು. ಅರ್ಧ ದೇಹ ಎಂಜಿನ್ನಿನೊಳಗೆ. ಒಂದು ಬೋಲ್ಟು ಬುಡದಲ್ಲೇ ಮುರಿದು ಕುಳಿತಿತ್ತು. ಅದನ್ನು ಅಲುಗಿಸಿ ಅಲುಗಿಸಿ ಎಬ್ಬಿಸುವಾಗ ಅವರು ಎಂಜಿನ್ನಿಗೆ ಹೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಆತ್ ಆತು... ಇನ್ನೊಂದು ಚೂರು... ಉಗಳಬ್ಯಾಡ.”

ಶನಿವಾರ ಸಂಜೆ ಚಾಲೂ ಮಾಡಿದರು. ಸಪ್ಪಳವಿಲ್ಲ! ಬೆಕ್ಕು ತೊಡೆಯ ಮೇಲೆ ಕುಳಿತು ಗುರುಗುಟ್ಟಿದಷ್ಟೇ. ವೈನಿ ಕಿಟಕಿಯಲ್ಲಿ ಇಣುಕಿ ಒಳಗೆ ಹೋದರು. ರಾತ್ರಿ ಊಟಕ್ಕೆ ಹೂರಣದ ಹೋಳಿಗೆ ಇತ್ತು ಎಂದು ಡಾಕ್ಟರು ಮರುದಿನ ಹೇಳಿದರು.

ಆಯಿತವಾರ ಮುಂಜಾನೆ ಹೊರಟೆವು. ಅವರಿಬ್ಬರೂ ಕಾರಿನಲ್ಲಿ, ಹಿಂದೆ ನಾನು ಸ್ಕೂಟರಿನಲ್ಲಿ. ನನ್ನ ಚೀಲದಲ್ಲಿ ನಟ್ಟು ಬಿಗಿಯುವ ಪಾನಾ, ತಂತಿ, ಸುಟ್ಟಗಾಯದ ಮುಲಾಮು, ಜ್ವರದ ಗುಳಿಗೆ, ವಾಂತಿಯ ಗುಳಿಗೆ. ಮುಗಿಲಲ್ಲಿ ಒಂದು ಮೋಡ ಕಂಡರೂ ಅದು ಯಾವ ಕಡೆ ಹೊರಟಿದೆ ಎಂದು ಲೆಕ್ಕ ಹಾಕುತ್ತಿದ್ದೆ. ವೈನಿ ಮೊದಮೊದಲು ಎರಡೂ ಕೈಯಿಂದ ಬಾಗಿಲು ಹಿಡಿದು ಕುಳಿತಿದ್ದರು. ಬಾದಾಮಿ ಬರುವಷ್ಟರಲ್ಲಿ ಒಂದು ಕೈ ಸೆರಗಿಗೆ ಬಂದಿತ್ತು. ಗಾಳಿಗೆ ಹಾರುವ ಸೆರಗನ್ನು ಹಿಡಿದು ನಗುತ್ತಿದ್ದರು. ನಾನು ಅವರು ನಗುವುದನ್ನು ಹಿಂದಿನಿಂದ ನೋಡಿದ್ದು ಅದೇ ಮೊದಲು. ನಗುವಾಗ ಭುಜ ಕುಣಿಯುತ್ತದೆ. ಯಾರೂ ಹೊಳ್ಳಿ ನೋಡಲಿಲ್ಲ. ಅಂದರೆ ಕಾರಿನ ಅಂದಕ್ಕೆ ಎಲ್ಲರೂ ಹೊಳ್ಳಿ ನೋಡಿದರು, ಸಪ್ಪಳಕ್ಕೆ ಯಾರೂ ನೋಡಲಿಲ್ಲ.

ಬನಶಂಕರಿಯಲ್ಲಿ ಹೊಂಡದ ದಂಡೆಗೆ ಕಾರು ನಿಲ್ಲಿಸಿದರು. ಎಂಜಿನ್ನು ಕಾದು ‘ಟಿಕ್ ಟಿಕ್’ ಅನ್ನುತ್ತಿತ್ತು. ವೈನಿ ಗುಡಿಯೊಳಗೆ ಹೋಗಿ ಬಂದರು. ಬರುವಾಗ ಕೈಯಲ್ಲಿ ಬೇರೊಂದು ತೆಂಗಿನಕಾಯಿ, ವಿಭೂತಿ, ಎರಡು ಹೂವು.

“ಗಾಡಿಗೊಂದು ಕಾಯಿ ಬ್ಯಾಡೇನ್ರಿ? ತಗೀರಿ ಅದರ ಬಾಯಿ.”

ಡಾಕ್ಟರು ಬಾನೆಟ್ ಎತ್ತಿದರು. “ಮುಂದಿನ ಗಾಲಿಗೆ ಒಡದ್ರ ಆತಲ್ಲ?” ಎಂದರು, ಮೆಲ್ಲಗೆ.

“ಗಾಲಿ ಹಳೇವು. ಹೊಸದಾಗಿ ಕೂಡ್ಸಿದ್ದು ಯಾವುದು? ಕಾಯಿ ನೀರು ಅದಕ್ಕ ಹಾಕಬೇಕು.”

ನ್ಯಾಯವಾದ ಮಾತು. ಹೊಸ ಪಂಪಿಗೆ, ಹೊಸ ಮಿಕ್ಸರಿಗೆ, ನನ್ನ ಅಂಗಡಿಯ ಹೊಸ ಫ್ರಿಜ್ಜಿಗೂ ನಾವು ಹಾಗೇ ಮಾಡಿದ್ದೆವು. ವೈನಿ ವಿಭೂತಿ ಹಚ್ಚಲು ಹೋಗಿ ಬೆರಳು ಸುಟ್ಟುಕೊಂಡು, ದೂರದಿಂದಲೇ ಉದುರಿಸಿದರು. ಕಲ್ಲಿಗೆ ಕಾಯಿ ಒಡೆದರು. ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಒಂದು ಗಳಿಗೆ ನಿಂತಿತು, ಆಮೇಲೆ ಮುಚ್ಚಿತು. ವೈನಿ ಕಣ್ಣು ಮುಚ್ಚಿ ಎರಡೂ ಹೋಳಿನ ನೀರನ್ನು ಮ್ಯಾನಿಫೋಲ್ಡಿನ ಮೇಲೆ ಸುರಿದರು.

ಚೊಂಯ್ ಎಂದು ಹಬೆ ಎದ್ದಿತು. ಅದರ ಹಿಂದೆಯೇ, ಟಣ್ಣ್.

ಅಲ್ಲೇ ಹೊರಟಿದ್ದ ಮುದುಕರೊಬ್ಬರು ಗಂಟೆ ಎಂದು ತಿಳಿದು ಕೈ ಮುಗಿದರು. ನನಗೆ ಆಗ ಹೊಳೆಯಿತು. ಎಮ್ಮೆಯತನಕ ಯೋಚಿಸಿದ ನನಗೆ ತೆಂಗಿನಕಾಯಿ ನೆನಪಾಗಿರಲಿಲ್ಲ. ದೇವರಿಗೆ ಒಡೆದ ಕಾಯಿಯ ನೀರನ್ನು ನೀರು ಎಂದು ಯಾರು ಎಣಿಸುತ್ತಾರೆ?

“ಅದೇನ್ರಿ ಸಪ್ಪಳ?” ಎಂದು ವೈನಿ ಕಣ್ಣು ತೆರೆದರು.

“ಏನಿಲ್ಲ. ಗಾಡಿಗೆ ಸಂತೋಷ ಆಗೇತಿ.”

ಮರಳುವ ದಾರಿಯ ಬಗ್ಗೆ ಏನು ಬರೆಯಲಿ. ಮೊದಲಿನ ಸೀಳು ಕೆಮ್ಮುತ್ತಿತ್ತು. ಈ ಸೀಳು ಮದ್ದು ಸಿಡಿಸುತ್ತಿತ್ತು. ಬಾದಾಮಿಯಲ್ಲಿ ಪ್ರವಾಸಿಗರ ಕೈಯಿಂದ ಬಾಳೆಹಣ್ಣು ಕಸಿಯುವ ಮಂಗಗಳು, ಕಸಿದ ಹಣ್ಣನ್ನು ಚೆಲ್ಲಿ ಗೋಡೆ ಹತ್ತಿದವು. ಬಸ್ಸಿನವರು ಹೊಳ್ಳಿ ನೋಡಿದರು, ಹೊಲದವರು ಹೊಳ್ಳಿ ನೋಡಿದರು, ಎತ್ತುಗಳು ಹೊಳ್ಳಿ ನೋಡಿದವು. ವೈನಿ ಎರಡೂ ಕಿವಿಗೆ ಬೆರಳಿಟ್ಟು ಕುಳಿತಿದ್ದರು. ಮನೆಯ ಮುಂದೆ ಇಳಿದವರೇ ಸಿಡಿದರು.

“ಆ ಇಳಕಲ್ಲಿನಾಂವ ಮೋಸ ಮಾಡ್ಯಾನ!”

“ಅವನ ತಪ್ಪಲ್ಲ. ನಟ್ಟು ನಾ ಸರಿ ಬಿಗೀಲಿಲ್ಲ” ಎಂದರು ಡಾಕ್ಟರು. “ನಂದ ತಪ್ಪು. ಮಾತಂದ್ರ ಮಾತು. ನಾಳೆ ಅವರು ಒಯ್ಯಲಿ.”

ಆಮೇಲೆ ನಾನು ದವಾಖಾನೆಯಲ್ಲಿ ಅವರನ್ನು ಹಿಡಿದೆ. “ಡಾಕ್ಟ್ರ, ಉಸ್ತಾದ ಹೇಳಿದ್ದು ನಿಮಗ ನೆನಪಿತ್ತಲ್ಲರಿ?”

ಹತ್ತಿಯ ಉಂಡೆ ಕಟ್ಟುತ್ತ ಕುಳಿತಿದ್ದರು. “ಕಾಯಿ ಹಿಡಕೊಂಡು ಬಂದಿದ್ಲಲೇ. ಇಷ್ಟು ವರ್ಷದಾಗ ಆ ಗಾಡಿಗೆ ಅಂತ ಒಂದು ಹೂವು ತಂದಾಕಿ ಅಲ್ಲ. ಕಣ್ಣು ಮುಚ್ಚಿ ನಿಂತಿದ್ಲು. ಬ್ಯಾಡ ಅನ್ನೂದು ಹ್ಯಾಂಗ?” ಎಂದರು. ಉಂಡೆಯನ್ನು ಡಬ್ಬಿಗೆ ಹಾಕಿ, “ಆಕಿ ಮುಂದ ಬಾಯಿ ಬಿಟ್ಟಿ ನೋಡು, ನಿನ್ನ ಹಲ್ಲೆಲ್ಲಾ ನನ್ನ ಕೈಯಾಗ ಅದಾವ.”

ಸೋಮವಾರ ಬೆಳಗಾವಿಯವರು ಬಂದರು. ಕಾರಿನ ಸುತ್ತ ಮೂರು ಸಲ ತಿರುಗಿ, ಮಗುವಿನ ಗಲ್ಲ ಸವರುವಂತೆ ಸವರಿದರು. ಡಾಕ್ಟರು ಕೀಲಿ ಹಿಡಿದು ನಿಂತಿದ್ದರು. ವೈನಿ ಚಹಾ ತಂದವರು, ಗಂಡನ ಮುಖ ನೋಡಿದರು, ಕೀಲಿ ನೋಡಿದರು.

“ಒಂದು ವಾರ ತಡೀರಿ” ಎಂದರು ಬಂದವರಿಗೆ. “ಒಡಕು ಗಾಡಿ ಕೊಡೂದು ನಮ್ಮ ಮನಿತನಕ್ಕ ಶೋಭಾ ಅಲ್ಲ. ರಿಪೇರಿ ಮಾಡ್ಸಿ ಕೊಡ್ತೇವಿ.”

ಅವರು ಹೋದ ಮೇಲೆ ವೈನಿ ನನ್ನ ಅಂಗಡಿಯ ಕಟ್ಟೆಗೆ ಬಂದು ನಿಂತರು. “ತಮ್ಮಾ, ಇವರು ‘ನಂದ ತಪ್ಪು’ ಅಂದ್ರು. ಮದುವ್ಯಾದಾಗಿಂದ ಹಂಗ ಅಂದಿಲ್ಲ. ಏನೋ ಐತಿ. ಆ ಉಸ್ತಾದನ್ನ ನಾ ನೋಡಬೇಕು.” ನಾನು ಒಂದು ಡಬ್ಬಿಯ ಕಾಗದ ಬಿಚ್ಚಿ ಬಹಳ ಆಸ್ಥೆಯಿಂದ ಓದತೊಡಗಿದೆ.

ಹೀಗೆ ಎರಡನೆಯ ಸಲ ಇಳಕಲ್ಲಿಗೆ ಮೂವರು ಹೋದೆವು. ವೈನಿ ಜಗಳಕ್ಕೆ ತಯಾರಾಗಿ ರೇಶಿಮೆ ಸೆರಗಿನ ಚಲೋ ಸೀರೆ ಉಟ್ಟಿದ್ದರು. ಉಸ್ತಾದ ಮ್ಯಾನಿಫೋಲ್ಡನ್ನು ಬಿಸಿಲಿಗೆ ಹಿಡಿದು ತಿರುಗಿಸಿದ.

“ನನ್ನ ಬೆಸುಗಿ ಕಲ್ಲಿನಂಗ ಕುಂತೈತಿ ನೋಡ್ರಿ. ಇದು ಬ್ಯಾರೆ ಸೀಳು. ಕಾದಾಗ ಇದರ ಮ್ಯಾಲ ನೀರು ಹಾಕ್ದಾವ್ರು ಯಾರು?”

“ನೀರು ಯಾರು ಹಾಕ್ತಾರ? ಯಾರೂ ಹಾಕಿಲ್ಲ” ಎಂದರು ವೈನಿ. “ನಾ ಕಾಯಿ ಒಡದು...”

“ಕಾಯ್ಯಾಗ ಮತ್ತೇನಿರ್ತೈತವ್ವಾ, ಎಣ್ಣಿ?”

ವೈನಿ ಬಗ್ಗಿ ಆ ಸೀಳನ್ನು ನೋಡಿದರು. ಉಸ್ತಾದ ಅಷ್ಟಕ್ಕೇ ಬಿಡಲಿಲ್ಲ. “ಸಾಹೇಬ್ರಿಗೆ ಬೆರಳು ಎತ್ತಿ ಹೇಳಿ ಕಳಿಸಿದ್ದೆ. ಒಂದು ಹನಿ ನೀರು ತಾಗಸಬ್ಯಾಡ್ರಿ ಅಂತ. ಬೇಕಾದ್ರ ಕೇಳ್ರಿ, ಈ ಗುಳಿಗಿಯವ್ರೂ ಇದ್ರು.”

ವೈನಿ ಗಂಡನ ಕಡೆ ತಿರುಗಿದರು. ಡಾಕ್ಟರು ದೂರದಲ್ಲಿ ಕಲ್ಲು ಎತ್ತುತ್ತಿದ್ದ ಕ್ರೇನನ್ನು, ಅದು ತಾವು ಬಿಗಿದ ನಟ್ಟಿನ ಮೇಲೇ ನಿಂತಿದೆಯೆಂಬಂತೆ ನೋಡುತ್ತಿದ್ದರು. ಕಿವಿ ಮಾತ್ರ ಕೆಂಪಗಾಗಿತ್ತು.

ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಉಸ್ತಾದ ಮತ್ತೆ ಬೆಸೆದು ಬೂದಿಯಿಂದ ತೆಗೆದುಕೊಡುವವರೆಗೂ ವೈನಿ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತಿದ್ದರು. ಬಸ್ಸು ಹತ್ತಿದೆವು. ಆ ಬೀಡನ್ನು ಗೋಣಿಚೀಲದಲ್ಲಿ ಸುತ್ತಿ ಡಾಕ್ಟರು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ರಸ್ತೆ ಕೆಟ್ಟು ಹೋಗಿತ್ತು. ಪ್ರತಿ ಗುಂಡಿಗೂ ಅದು ಅವರ ಮೊಣಕಾಲಿಗೆ ಬಡಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು, ಮುಂದೆ ಏನಾಗುವುದೋ ಎಂದು ಕತ್ತು ಚಾಚಿ ಕುಳಿತಿದ್ದೆ.

ಹುನಗುಂದ ದಾಟಿತು. ವೈನಿ ಕೈ ಚಾಚಿದರು.

“ಇಲ್ಲಿ ಕೊಡ್ರಿ.”

“ಮಸಿ ಐತಿ. ಸೀರಿ ಹಾಳಾಗತೈತಿ.”

“ಕೊಡ್ರಿ ಅಂದ್ರ.”

ತೆಗೆದುಕೊಂಡು ಆ ಚಲೋ ಸೀರೆಯ ಮಡಿಲಲ್ಲಿ ಇಟ್ಟುಕೊಂಡರು. ಸೆರಗಿನ ತುದಿಯನ್ನು ಅದರ ಮೇಲೆ ಹೊದಿಸಿದರು. ಆಮೇಲೆ, ಕಿಟಕಿಯ ಹೊರಗೆ ನೋಡುತ್ತ, ಯಾರಿಗೋ ಹೇಳುವಂತೆ ಹೇಳಿದರು:

“ಬೆಳಗಾವಿಯವರಿಗೆ ಫೋನ್ ಹಚ್ಚಿ, ಬರಬ್ಯಾಡ್ರಿ ಅನ್ರಿ.”